ನೀರಿನ ಜಾಗದ ಮೌನ

ಸಂಕದಬೈಲು ಬಂದರು
ಫೆಬ್ರವರಿ 30, 2194

ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳೆಲ್ಲ ವರ್ಷದ ಕೊನೆಯ ರಜೆಗೆ. ನನ್ನ ಕನ್ನಡವೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಹೊಸ ಪದ ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ನಾನು ತುಳಸು ಹರಿಕಂತ್ರ, ಈ ಬಂದರಿನ ಪತ್ರಿಕೆಯ ಸಂಪಾದಕಿ. ಅದನ್ನು ಊರಿಗೆ ಓದಿ ಹೇಳುವವಳೂ ನಾನೇ. ಯುದ್ಧ ಶುರುವಾದಾಗಿನಿಂದ ಫೋನು, ಪರದೆ ಎಲ್ಲ ಬಂದ್. ಅವುಗಳ ಸುಳಿವು ಹಿಡಿದು ಶತ್ರುವಿನ ಡ್ರೋನು ಬರುತ್ತದೆ. ಹಾಗಾಗಿ ದಿನಾ ಸಂಜೆ ನಾನು ಮೀನು ಮಾರ್ಕೆಟ್ಟಿನ ಕಟ್ಟೆ ಹತ್ತಿ ಓದುತ್ತೇನೆ, ಜನ ಬುಟ್ಟಿ ಬೋರಲು ಹಾಕಿ ಕೂತು ಕೇಳುತ್ತಾರೆ. ಕ್ರಮ ಎಂದೂ ಬದಲಾಗುವುದಿಲ್ಲ: ಮೊದಲು ಕಡಲಿನ ಸುದ್ದಿ, ಆಮೇಲೆ ಆಕಾಶದ್ದು, ಆಮೇಲೆ ನೀರು, ಅಕ್ಕಿ, ಕೊನೆಗೆ ಹುಟ್ಟು ಸಾವು.

ಓದುವ ಮೊದಲು ಹಾಳೆಗಳು ಮೌನಾಧಿಕಾರಿಯ ಕೈಗೆ ಹೋಗುತ್ತವೆ. ದೇಶದ ಭದ್ರತೆಗೆ ಧಕ್ಕೆ ಎನಿಸಿದ್ದನ್ನು ಅವರು ಹೊಡೆದುಹಾಕುತ್ತಾರೆ. ಆದರೆ ಆ ಸುದ್ದಿ ಓದಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಹೊತ್ತು ನಾನು ಸುಮ್ಮನೆ ನಿಲ್ಲಬೇಕು. ಇದು ಕಾನೂನು, ಹಿಂದಿನ ಯಾವುದೋ ಯುದ್ಧದಲ್ಲಿ ಪತ್ರಿಕೆಯವರು ಜೈಲಿಗೆ ಹೋಗಿ ಗಳಿಸಿಕೊಟ್ಟದ್ದು. ನಮ್ಮ ಅಧಿಕಾರಿ ದಿನಕರ ಗಾಂವ್ಕರ ಕೆಟ್ಟವರೇನಲ್ಲ. ಯುದ್ಧದ ಹಡಗು ಯಾವಾಗ ಹೊರಡುತ್ತದೆ ಎಂಬುದನ್ನು ಅವರು ಹೊಡೆಯುವುದೇ ಬೇಡ, ನಾನೇ ಬರೆಯುವುದಿಲ್ಲ. ಅದರಲ್ಲಿ ನಮ್ಮ ಕೇರಿಯ ಮಕ್ಕಳಿದ್ದಾರೆ, ನನಗೇನು ತಲೆ ಕೆಟ್ಟಿದೆಯೇ?

ಮೊನ್ನೆ ಅವರು ನೀರಿನ ಸುದ್ದಿ ಹೊಡೆದರು. ಬಾಂಬಿಗೆ ಹೆದರಿ ಜನ ಮಲಗುವ ನೆಲಮನೆಯ ಟ್ಯಾಂಕಿಗೆ ಕೊಳಚೆ ಸೇರಿತ್ತು. ಮಕ್ಕಳಿಗೆ ವಾಂತಿ ಭೇದಿ. ನನ್ನ ತಂಗಿಯ ಮಗಳು ಅಬೋಲಿಗೆ ಡ್ರಿಪ್ ಹಾಕಿದ್ದರು. ಊರು ಕುಗ್ಗಿದೆ ಎಂದು ಶತ್ರುವಿಗೆ ಗೊತ್ತಾಗಬಾರದಂತೆ. ನಮ್ಮ ಮಕ್ಕಳ ಭೇದಿ ಕಟ್ಟಿಕೊಂಡು ಶತ್ರು ಏನು ಮಾಡಿಯಾನು? ಆದರೂ ನಾನು ಕಾನೂನು ಮೀರಲಿಲ್ಲ. ಕಡಲು ಓದಿದೆ, ಆಕಾಶ ಓದಿದೆ, ನೀರಿನ ಜಾಗ ಬಂದಾಗ ಸುಮ್ಮನೆ ನಿಂತೆ. ಮೀನು ಮಾರುವ ನಾಗಮ್ಮತ್ತೆ ಕೂಗಿದಳು, “ತುಳಸೂ, ನೀರಿನ ಹೊತ್ತಿಗೆ ಎಂತಕ್ಕೆ ಸುಮ್ನಾದ್ಯೆ?” ಉತ್ತರಕ್ಕೆ ಅವಳು ಕಾಯಲಿಲ್ಲ. “ನಡೀರೆ, ನೀರು ಕುದಿಸುವ” ಎಂದು ಬುಟ್ಟಿ ಎತ್ತಿಕೊಂಡು ಎದ್ದೇಬಿಟ್ಟಳು. ಅವಳ ಹಿಂದೆ ಊರೇ ಎದ್ದಿತು. ಅವತ್ತಿನಿಂದ ಹೊಸದಾಗಿ ಯಾರೂ ಕಾಯಿಲೆ ಬಿದ್ದಿಲ್ಲ.

ಇಂದು ಬೆಳಿಗ್ಗೆ ಹೊಸ ಆಜ್ಞೆ ಬಂತು. ಇನ್ನು ಮೌನವಿಲ್ಲ, ಹೊಡೆದ ಜಾಗದಲ್ಲಿ ಕಚೇರಿ ಕಳಿಸಿದ ಸಾಲು ಓದಬೇಕು. ಇವತ್ತಿನ ಸಾಲು: “ನೆಲಮನೆಯ ನೀರು ಶುದ್ಧವಾಗಿದೆ.” ಟ್ಯಾಂಕನ್ನು ಇನ್ನೂ ಯಾರೂ ತೊಳೆದಿಲ್ಲ. ಚೀಟಿ ಕೊಡುವಾಗ ಗಾಂವ್ಕರರು ನನ್ನ ಮುಖ ನೋಡಲಿಲ್ಲ. “ತುಳಸಕ್ಕಾ, ನನ್ ಮಗ್ಳೂ ಹಡಗಲ್ಲೇ ಅವ್ಳೆ. ಊರು ಕುಗ್ಗಿದ್ದು ಶತ್ರುಗೆ ಗೊತ್ತಾದ್ರೆ ಮೊದ್ಲು ಹೊಡ್ಯೋದು ಅದ್ಕೇ. ಇದೊಂದು ಓದ್ಬಿಡಿ” ಎಂದರು. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ, ಸಿಟ್ಟೂ ಬರುತ್ತದೆ. ಬಾಯಿ ಮುಚ್ಚು ಎಂದರೆ ಮುಚ್ಚಿಕೊಂಡೇನು. ಆದರೆ ಈ ಸಾಲು ನನ್ನ ಬಾಯಲ್ಲಿ ಬಂದರೆ ಜನ ನಂಬುತ್ತಾರೆ, ಒಲೆ ಆರಿಸುತ್ತಾರೆ. ನಾನು ಓದುವುದಿಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ. ನಿಮಗೂ ಯುದ್ಧ ಬಂದೀತು, ನಿಮ್ಮ ಪತ್ರಿಕೆಗೂ ಕತ್ತರಿ ಬಿದ್ದೀತು. ಸುದ್ದಿಯನ್ನು ಕಿತ್ತುಕೊಂಡರೂ ಅದರ ಜಾಗವನ್ನು ಬಿಟ್ಟುಕೊಡಬೇಡಿ. ಅಲ್ಲಿ ಹಾಡು, ಜೈಕಾರ, ಏನನ್ನು ತುಂಬಲು ಬಂದರೂ ಒಪ್ಪಬೇಡಿ. ಜೈಲಿಗೆ ಹೋಗಿ ಆ ಹಕ್ಕು ಗಳಿಸಿದವರು ನಿಮ್ಮಲ್ಲೇ ಯಾರೋ ಇರಬೇಕು. ನೀವು ಹಟ ಹಿಡಿದರಷ್ಟೇ ನನಗೆ ನಿಲ್ಲಲು ಜಾಗ.

ಕಟ್ಟೆಯ ಗಂಟೆ ಹೊಡೆಯಿತು. ಕಿಟಕಿಯಿಂದ ನೋಡಿದರೆ ಬುಟ್ಟಿಗಳ ಹಿಂದೆ ಪೊಲೀಸರೂ ನಿಂತಿದ್ದಾರೆ. ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಹೊರಟಿದ್ದೇನೆ. ಕಡಲು ಓದುತ್ತೇನೆ, ಆಕಾಶ ಓದುತ್ತೇನೆ. ಆಮೇಲೆ ನಿಲ್ಲುತ್ತೇನೆ.

ತುಳಸು