ಸೀಗಿ ಹುಣ್ಣಿಮೆಯ ಹೊಲದಿಂದ ಠಾಣೆಗೆ ಹೋದ ಸೈಕಲ್ಲು

ಮಾನ್ಯ ಪೊಲೀಸ್ ಅಧಿಕಾರಿಗಳೇ,

ಬೆಟಗೇರಿಯ ನೇಕಾರರ ಓಣಿಯ ಬನಶಂಕರೆವ್ವನ ಸೈಕಲ್ಲು ಸೀಗಿ ಹುಣ್ಣಿಮೆಯ ದಿನದಿಂದ ನಿಮ್ಮ ಠಾಣೆಯ ಅಂಗಳದಲ್ಲಿದೆ. ದೀಪಾವಳಿ ಬಂದು ಹೋಯಿತು. ಸೈಕಲ್ಲು ಬರಲಿಲ್ಲ. ಮೊದಲು ಅರ್ಜಿ ಕೊಟ್ಟೆ, ಆಮೇಲೆ ನಾನೇ ಬಂದು ನಿಂತೆ, ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿಲ್ಲ. ಇದ್ದ ಸಿಟ್ಟು ನಿಮ್ಮ ಪಡಸಾಲೆಯ ಬೆಂಚಿನ ಮೇಲೆ ಕೂತು ಕೂತು ಸವೆದುಹೋಗಿದೆ.

ನಮ್ಮದೊಂದು ಸೈಕಲ್ ಸಂಘ. ಸಂಘ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ನಿಮ್ಮ ಕೈ ಬೆತ್ತದ ಕಡೆ ಹೋಗುತ್ತದೆ ಎಂದು ನಮಗೆ ಆಗ ಗೊತ್ತಿರಲಿಲ್ಲ. ಹುಣ್ಣಿಮೆಗೆ ಮಗ್ಗಗಳು ನಿಲ್ಲುತ್ತವೆ. ದಿನವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವವರಿಗೆ ಆ ಒಂದು ದಿನ ಬಯಲು ನೋಡುವ ಆಸೆ. ಬೆಳಿಗ್ಗೆ ಹೊರಟು, ಹರ್ತಿ, ಶಿರಹಟ್ಟಿ ದಾಟಿ ಲಕ್ಷ್ಮೇಶ್ವರ ಮುಟ್ಟಿ, ಹೊತ್ತು ಮುಳುಗುವುದರೊಳಗೆ ಮರಳಬೇಕೆಂದಿತ್ತು. ಮಳೆ ನಿಂತು ದಾರಿ ಒಣಗಿತ್ತು, ಎರೆಹೊಲಗಳಲ್ಲಿ ಹಿಂಗಾರಿ ಜೋಳ ಆಗಷ್ಟೇ ಮೊಳೆತಿತ್ತು. ಇದರಲ್ಲಿ ಸರಕಾರಕ್ಕೆ ಅಪಾಯ ತರುವಂಥದ್ದು ಏನಿತ್ತು ಎಂದು ಇಂದಿಗೂ ಯೋಚಿಸುತ್ತಿದ್ದೇನೆ.

ಬನಶಂಕರೆವ್ವ ನಮ್ಮ ಸಂಘದ ಒಬ್ಬಳೇ ಹೆಣ್ಣುಮಗಳು. ತಂದೆತಾಯಿ ಇಲ್ಲ, ಅಜ್ಜಿ ಯಮನವ್ವ ಸಾಕಿದ್ದಾಳೆ. ಕಚ್ಚೆ ಹಾಕಿ ಸೀರೆ ಉಟ್ಟು ತೀರಿಹೋದ ತಂದೆಯ ಸೈಕಲ್ಲನ್ನೇ ಓಡಿಸುತ್ತಾಳೆ. ಮಧ್ಯಾಹ್ನ ಅದರ ಮೇಲೆ ಅಸುಂಡಿಗೆ ಹೋಗಿ ಅಲ್ಲಿಯ ಹೆಂಗಸರಿಗೆ ಓದುಬರಹ ಕಲಿಸಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಾಳೆ. ಬರುತ್ತಿದ್ದಳು ಎನ್ನಬೇಕು ಈಗ. ಅಸುಂಡಿಯ ಅಮೃತವ್ವ ತನ್ನ ಹೆಸರು ಬರೆಯಲು ಕೂತವಳು ಮೊದಲನೆಯ ಅಕ್ಷರಕ್ಕೇ ನಿಂತಿದ್ದಾಳೆ. ಎರಡನೆಯದು ಕಷ್ಟದ್ದು, ತಾನಾಗಿ ಬರುವುದಿಲ್ಲ.

ಹರ್ತಿ ದಾಟಿದ ಮೇಲೆ ಒಂದು ಹೊಲದಿಂದ ಕರಿಯವ್ವ ಎಂಬ ಹೆಣ್ಣುಮಗಳು ನಮ್ಮನ್ನು ಕೂಗಿದಳು.

“ಏ ಸೈಕಲ್ಲಿನ ಮಂದಿ, ಎಲ್ಲಿಗಿ ಓಡ್ತೀರಿ? ಇಳೀರಿ, ಉಂಡು ಹೋಗ್ರಿ.”

“ಭಾಳ ದೂರ ಹೋಗೋದೈತಿ, ಯವ್ವಾ,” ಎಂದ ನಮ್ಮ ಬಾಬಣ್ಣ.

“ದೂರ ಹೋಗೋರು ಹೊಟ್ಟಿ ತುಂಬಿಸ್ಕೊಂಡು ಹೋಗಬೇಕಪಾ. ಚರಗ ಚೆಲ್ಲಾಕ ನಮ್ಮ ಮನ್ಯಾಗ ಮಂದಿ ಸಾಲವಲ್ರು. ನಿಮ್ಮ ಗಂಟಲಾರ ಕೊಡ್ರಿ.” ಅಷ್ಟರಲ್ಲಿ ಅವಳ ಕಣ್ಣು ಬನಶಂಕರೆವ್ವನ ಮೇಲೆ ಬಿತ್ತು. “ಅಯ್ಯ, ಇದು ಹೆಣ್ಣ ಕೂಸು. ಕಚ್ಚಿ ಹಾಕೋದು ಕಳೆ ತಗ್ಯಾಕ ಅಂತ ತಿಳಿದಿದ್ನಿ, ಇದಕ್ಕೂ ಬರ್ತೈತೇನ? ಹಂಗಾರ ನೀನ ಮುಂದ ನಡಿ ತಂಗಿ, ನೀನ ಕೂಗು.”

ತಾವು ಬೇರೆ ಸೀಮೆಯವರು, ಆದ್ದರಿಂದ ತಿಳಿಸುತ್ತೇನೆ. ಸೀಗಿ ಹುಣ್ಣಿಮೆಗೆ ಇಲ್ಲಿಯವರು ಭೂಮಿಯನ್ನು ಬಸುರಿ ಎಂದು ಬಗೆದು ಉಣಿಸುತ್ತಾರೆ. ಬುಟ್ಟಿಯಲ್ಲಿ ಅನ್ನ, ಕಡುಬು, ಪಲ್ಯ ಕಲಸಿಕೊಂಡು, ಸಾಲಾಗಿ ಹೊಲ ಸುತ್ತುತ್ತ ಚೆಲ್ಲುತ್ತಾರೆ. ಮುಂದಿನವರು ಕೂಗಿದರೆ ಹಿಂದಿನವರು ಓಗೊಡುತ್ತಾರೆ. ಇದೇ ಚರಗ. ಮುಗಿದ ಮೇಲೆ ದಾರಿಹೋಕರನ್ನೂ ಕರೆದು ಉಣ್ಣಿಸಬೇಕು. ಬನಶಂಕರೆವ್ವ ಬುಟ್ಟಿ ಹಿಡಿದು ಮುಂದೆ ನಡೆದಳು. ನಾವು ಹಿಂದೆ ಓಗೊಟ್ಟೆವು. ಆ ಗಳಿಗೆಗೆ ಸರಿಯಾಗಿ ತಮ್ಮ ಜೀಪು ಬಂತು.

“ಯಾರ ಅಪ್ಪಣೆಯಿಂದ ಸೇರಿದ್ದೀರಿ?” ಎಂದು ಕೇಳಿದಿರಿ.

ಕರಿಯವ್ವ ಹೆದರಲಿಲ್ಲ. “ಹೊಲಾ ನಂದ್ರಿ, ಹಸಿವಿ ಅವರದ್ರಿ. ನಡುವ ಅಪ್ಪಣಿ ಯಾರ್ದು ಬೇಕ್ರಿ ಸಾಹೇಬ್ರ? ಕುಂಡ್ರಿ, ನೀವೂ ಒಂದು ಕಡುಬು ತಿನ್ರಿ.”

ತಾವು ಕೂಡಲಿಲ್ಲ. ಹಿಂದೆ ನಿಂತಿದ್ದ ನಿಮ್ಮ ಹವಾಲ್ದಾರ ಇದೇ ಸೀಮೆಯವನು. ಕರಿಯವ್ವ ಕೈಗೆ ತುರುಕಿದ ಕಡುಬನ್ನು ಅವನು ಟೊಪ್ಪಿಗೆಯೊಳಗೆ ಅಡಗಿಸಿಕೊಂಡ. ಇದು ಚರಗ ಎಂದು ಮಾತ್ರ ತಮಗೆ ತಿಳಿಸಲಿಲ್ಲ.

ಗುಂಪು ಕಟ್ಟಿಕೊಂಡು ಹೊಲ ಹೊಕ್ಕರು, ಸುತ್ತುಹಾಕಿದರು, ಒಬ್ಬ ಹೆಂಗಸಿನ ಮುಂದಾಳತ್ವದಲ್ಲಿ ಕೂಗಿದರು ಎಂಬುದು ನಮ್ಮ ಮೇಲಿನ ಆರೋಪ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದೇ ನನ್ನನ್ನು ದಣಿಸಿದೆ. ಸುಳ್ಳಾಗಿದ್ದರೆ ಅಲ್ಲಗಳೆಯಬಹುದಿತ್ತು. ಪ್ರಾಂತಗಳನ್ನು ಹೊಸದಾಗಿ ವಿಂಗಡಿಸುವ ವರದಿ ಬಂದ ಮೇಲೆ ಊರೂರಲ್ಲಿ ಏಕೀಕರಣದ ಸಭೆಗಳು ನಡೆಯುತ್ತಿವೆ, ತಮಗೆ ಮೇಲಿನಿಂದ ಹುಕುಂ ಇದ್ದೀತು, ಒಪ್ಪುತ್ತೇನೆ. ಆದರೆ ಯಾವ ಚಳವಳಿಗಾರರು ಕಡುಬು ಚೆಲ್ಲುತ್ತ ಸರಕಾರವನ್ನು ಉರುಳಿಸಿದ್ದಾರೆ?

ನಮ್ಮನ್ನು ಸೈಕಲ್ಲುಗಳ ಸಮೇತ ಒಯ್ದು ಠಾಣೆಯ ಅಂಗಳದಲ್ಲಿ ಸಂಜೆಯ ತನಕ ನಿಲ್ಲಿಸಿದಿರಿ. ಇಷ್ಟು ಗಂಡಸರ ಜೊತೆ ನೀನೊಬ್ಬಳೇ ಏಕೆ ಎಂದು ಬನಶಂಕರೆವ್ವನನ್ನು ಕೇಳಿದಿರಿ. “ಸೈಕಲ್ಲ ಹೊಡ್ಯಾಕ ಬರ್ತೈತ್ರಿ, ಅದಕ್ಕ,” ಎಂದಳು. ಅದಕ್ಕಿಂತ ನೇರವಾದ ಉತ್ತರ ಆ ಪ್ರಶ್ನೆಗೆ ಇತ್ತೇ? ಆದರೂ ಮರುದಿನ ಬೆಟಗೇರಿಗೆ ಪೇದೆಯನ್ನು ಕಳಿಸಿದಿರಿ. ಅವನು ಓಣಿಯ ನಡುವೆ ನಿಂತು, ಠಾಣೆಗೆ ಬಂದಿದ್ದ ಹುಡುಗಿಯ ಮನೆ ಯಾವುದು ಎಂದು ಬಾಗಿಲು ಬಾಗಿಲಿಗೆ ಕೇಳಿದ.

ಗಂಡಸರ ಸೈಕಲ್ಲುಗಳನ್ನೆಲ್ಲ ವಾರದೊಳಗೆ ಬಿಟ್ಟಿರಿ. ಆಕೆಯದನ್ನು ಮಾತ್ರ, ಮನೆಯ ಗಂಡಸು ಬಂದು ಒಯ್ಯಲಿ ಎಂದು ಇಟ್ಟುಕೊಂಡಿರಿ. ಆ ಮನೆಯಲ್ಲಿ ಗಂಡಸರಿಲ್ಲ. ನಾನು ಬಂದೆ. “ನೀನು ಆಕೆಗೆ ಏನಾಗಬೇಕು?” ಎಂದಿರಿ. ಒಂದೇ ಸಂಘದವನು ಎಂದೆ. ತಾವು ನಕ್ಕಿರಿ. ಅಂಥ ನಂಟು ನಿಮ್ಮ ಕಾನೂನಿನಲ್ಲಿ ಇಲ್ಲವಂತೆ.

ಶಿರಹಟ್ಟಿ, ಲಕ್ಷ್ಮೇಶ್ವರ ಮೊನ್ನೆಮೊನ್ನೆಯ ತನಕ ಸಂಸ್ಥಾನಿಕರ ಊರುಗಳು. ಆಗ ಗಡಿಯ ಸುಂಕದ ನಾಕೆಯಲ್ಲಿ ನಮ್ಮ ಹಿರಿಯರು ಮಾರಲು ಒಯ್ಯುವ ಸೀರೆಯ ಗಂಟು ಬಿಚ್ಚಿ ನೋಡಿ, ಮುಂದೆ ಬಿಡುತ್ತಿದ್ದರು. ಈಗ ನಾಕೆ ಇಲ್ಲ, ಸಂಸ್ಥಾನಿಕರೂ ಇಲ್ಲ. ನಾಡು ಒಂದಾಗಬೇಕೆಂಬ ಕರಪತ್ರ ಯಾವುದು ಕೈಗೆ ಬಂದರೂ ನಾನು ಓದಿದ್ದೇನೆ, ಗೋಡೆಗೆ ಹಚ್ಚಿದ್ದೇನೆ, ಅದಕ್ಕಾಗಿ ಬೈಸಿಕೊಂಡಿದ್ದೇನೆ. ನಾಡು ಒಂದಾಗುವ ಕಾಲ ದೂರವಿಲ್ಲ ಎಂದು ಈಗಲೂ ನಂಬಿದ್ದೇನೆ. ಆದರೆ ಬೆಟಗೇರಿಯ ಒಬ್ಬ ಹುಡುಗಿ ಅಸುಂಡಿಗೆ ಹೋಗಲಾರದಿದ್ದರೆ, ಯಾವ ಊರು ಯಾವ ಊರಿಗೆ ಕೂಡಿದಂತಾಯಿತು? ಕರಪತ್ರಗಳಲ್ಲಿ ಹುಡುಕಿದೆ, ಉತ್ತರ ಸಿಗಲಿಲ್ಲ.

ಮೊನ್ನೆ ಯಮನವ್ವನ ಬಳಿ ಹೋಗಿ, ಬಾಡಿಗೆಗೆ ಬೇರೆ ಸೈಕಲ್ಲು ತರುತ್ತೇವೆ, ಆಕೆಯನ್ನು ಅಸುಂಡಿಗೆ ಬಿಡು ಎಂದೆ. ಮುದುಕಿ ರಾಟೆ ನಿಲ್ಲಿಸಲಿಲ್ಲ.

“ಸೈಕಲ್ಲಿಗೆ ಏನ ಬ್ಯಾನಿ ಬಂದೈತಿ, ಗೋಪಣ್ಣ? ಪೊಲೀಸರು ಎದಕ್ಕ ಹಿಡಿದ್ರು ಅಂತ ಓಣ್ಯಾಗ ಕೇಳ್ತಾರ, ನಾ ಏನ ಹೇಳ್ಲಿ? ಒಯ್ದವ್ರ ತಂದು ನಿಲ್ಲಸ್ಲಿ. ಹುಡುಗಿದು ತಪ್ಪಿಲ್ಲ ಅಂತ ಬಾಯಿಲೆ ಅಂದು ಹೋಗ್ಲಿ. ಆವಾಗ ಬೇಕಾರ ಲಕ್ಷ್ಮೇಶ್ವರಕ್ಕ ಹೋಗ್ಲಿ, ಮುಂಡರಗಿಗಿ ಹೋಗ್ಲಿ, ನಾ ಬ್ಯಾಡ ಅನ್ನಂಗಿಲ್ಲ.”

ಬನಶಂಕರೆವ್ವ ಅಲ್ಲೇ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು.

ಹೀಗಾಗಿ ನನ್ನ ಬೇಡಿಕೆಯೂ ಮುದುಕಿಯದೇ. ಆ ಸೈಕಲ್ಲನ್ನು ಬನಶಂಕರೆವ್ವನ ಕೈಗೇ ಕೊಡಬೇಕು, ಯಾವ ಗಂಡಸಿನ ಕೈಗೂ ಅಲ್ಲ. ಅದಕ್ಕಾಗಿ ಆಕೆಯನ್ನು ಠಾಣೆಗೆ ಕರೆಸಬೇಡಿ. ಹಗಲು ಹೊತ್ತಿನಲ್ಲಿ, ಮಗ್ಗಗಳು ನಡೆಯುತ್ತಿರುವಾಗ, ತಾವೇ ಅದನ್ನು ಯಮನವ್ವನ ಬಾಗಿಲಿಗೆ ತಂದು ನಿಲ್ಲಿಸಿ, ಈ ಹುಡುಗಿ ತಪ್ಪು ಮಾಡಿಲ್ಲ ಎಂದು ಹೇಳಿ. ಕೂಗಿ ಹೇಳಬೇಕಾಗಿಲ್ಲ. ಲಾಳಿ ನಿಲ್ಲಿಸಿ ಓಣಿಯವರೆಲ್ಲ ಕೇಳಿಸಿಕೊಳ್ಳುತ್ತಾರೆ.

ಇಂತಿ,
ಇನ್ನೊಂದು ಅರ್ಜಿ ಬರೆಯುವ ತ್ರಾಣವಿಲ್ಲದ,
ನೇಕಾರ ಗೋಪಣ್ಣ
ಬೆಟಗೇರಿ