ಕೋಲು ಇವತ್ತು ರಾಜನ ಕೈಯಲ್ಲಿದೆ

ಮಾವ,

ಕಳೆದ ಸಲ ನೀವು ಜಾರಿ ಬಿದ್ದದ್ದಕ್ಕೆ ತಲೆಗೆ ಐದು ಹೊಲಿಗೆ ಹಾಕಿಸಬೇಕಾಯಿತು, ನನ್ನ ಅರ್ಧ ತಿಂಗಳ ಸಂಬಳ ಹೋಯಿತು. ಅದನ್ನು ನೆನಪಿಟ್ಟುಕೊಂಡು, ಇದನ್ನು ಪೂರ್ತಿ ಓದುವವರೆಗೆ ಮಂಚದಿಂದ ಇಳಿಯಬೇಡಿ.

ನಿಮ್ಮ ಊರುಗೋಲನ್ನು ನಾನೇ ಒಯ್ದಿದ್ದೇನೆ. ನೀವು ನಿದ್ದೆಯಲ್ಲಿದ್ದಿರಿ, ಎಬ್ಬಿಸಿ ಕೇಳಲು ಮನಸ್ಸಾಗಲಿಲ್ಲ. ನಾಟಕದ ಮುದಿ ರಾಜನಿಗೆಂದು ಶಾಲೆಯವರು ಕೊಟ್ಟ ಕೋಲು ಹಿಡಿದರೆ ನಿಮ್ಮ ಮೊಮ್ಮಗಳ ಬಾಯಿಂದ ಮಾತೇ ಹೊರಡುತ್ತಿಲ್ಲ. ತಿಂಗಳಿಡೀ ನಿಮ್ಮದನ್ನೇ ಹಿಡಿದು, ನಿಮ್ಮ ಹಾಗೆಯೇ ನೆಲ ಕುಟ್ಟಿ ಕಲಿತವಳು. "ತಾತನ ಕೋಲಿಲ್ದೆ ನಾನು ಹೋಗಲ್ಲಮ್ಮಾ" ಅಂತ ಹೊಸಿಲ ಮೇಲೇ ಕೂತುಬಿಟ್ಟಳು.

ನೀರು, ಮಾತ್ರೆ, ಫೋನು ದಿಂಬಿನ ಪಕ್ಕದಲ್ಲಿವೆ. "ನಾನೇನು ಮಗುವಾ?" ಅಂತ ಗೋಡೆ ಹಿಡಿದುಕೊಂಡು ಹೊರಡಬೇಡಿ. ಬಚ್ಚಲಿಗೆ ಹೋಗಬೇಕಾದರೆ ಎದುರುಮನೆ ಟೈಲರ್‌ನನ್ನು ಕೂಗಿ, ಬೀಗದ ಕೈ ಅವನ ಹತ್ತಿರವೇ ಇದೆ. ಮೂರೂವರೆಗೆ ಅವನೇ ಬಂದು ಕೈಹಿಡಿದು ಆಟೋ ಹತ್ತಿಸುತ್ತಾನೆ. ಶಾಲೆಯಲ್ಲಿ ಮೊದಲ ಸಾಲಿನ ತುದಿಯ ಕುರ್ಚಿ ನಿಮ್ಮದು.

ಬೈಯುವುದಿದ್ದರೆ ನಾಟಕ ಮುಗಿದ ಮೇಲೆ ಬೈಯಿರಿ. ಈಗ ಕೋಲು ಕೈಗೆ ಕೊಟ್ಟ ಕೂಡಲೇ ಹೊಸಿಲಲ್ಲೇ ಎದ್ದು ನಿಂತು, ಮೂರು ಪುಟದ ಮಾತನ್ನು ಒಂದೂ ತಪ್ಪದೆ ಒಪ್ಪಿಸಿದಳು. ನಿಮಗೆ ಎರಡು ಗಂಟೆ ಹೊತ್ತು ಕೋಲಿಲ್ಲ, ಅವಳಿಗೆ ಮಾತು ಬಂತು.