ದ್ವೀಪದ ತೆಂಗಿನಕಾಯಿಯನ್ನು ಅಳೆದವರು ಯಾರು?

ಅಣುಬಾಂಬು ಪರೀಕ್ಷೆಯಾದ ದ್ವೀಪಗಳ ವಿಕಿರಣ ಸಮೀಕ್ಷೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಜನ ತಿನ್ನುವುದನ್ನು ಅಳೆಯದೆಯೇ ಅವರನ್ನು ಊರಿಗೆ ಕಳಿಸಲು ಹೊರಟಿದ್ದೀರಿ. ನನ್ನ ತಕರಾರು ಇಷ್ಟೇ.

ನನಗೆ ಮದುವೆಯಾಗಿ ನಲವತ್ತು ದಿನ. ಇಡೀ ಲೋಕವೇ ಬಂದು ಅಕ್ಷತೆ ಹಾಕಿದಂಥ ಹುಚ್ಚು ಸಂತೋಷದಲ್ಲಿದ್ದೇನೆ. ನಮ್ಮವರು ಸೊರಬದಿಂದ ತರುವ ಇಂಗ್ಲಿಷ್ ಪತ್ರಿಕೆಯನ್ನು ಮನೆಮಂದಿಗೆ ಓದಿ ಹೇಳುವುದು ಕಾನ್ವೆಂಟಿನಲ್ಲಿ ಕಲಿತ ಸೊಸೆಯ ಜಂಬ. ನಿಮ್ಮ ವರದಿಯನ್ನೂ ಸಂಭ್ರಮದಿಂದಲೇ ಓದಿದೆ. ಮೂರು ವರ್ಷ ನೆಲೆ ತಪ್ಪಿದ್ದ ದ್ವೀಪದವರು ಬರುವ ತಿಂಗಳು ಹಡಗು ಹತ್ತುತ್ತಾರೆ. ಚಿತ್ರದಲ್ಲಿ ನನ್ನದೇ ವಯಸ್ಸಿನ ಮದುಮಗಳೊಬ್ಬಳು ನಗುತ್ತಿದ್ದಾಳೆ. ಎಷ್ಟು ಚೆಂದ ಎಂದೆ.

ಅಕ್ಕಿ ಆರಿಸುತ್ತಿದ್ದ ನಮ್ಮತ್ತೆ ಉಚ್ಚಂಗಮ್ಮನವರು ಅಲ್ಲಿಯವರು ಏನು ಉಣ್ಣುತ್ತಾರೆಂದು ಕೇಳಿದರು. ತೆಂಗಿನಕಾಯಿ, ಏಡಿ, ಮೀನು ಎಂದೆ.

“ಅದನ್ನ ಅಳದಾರೇನವ್ವಾ?”

ಮತ್ತೆ ಹುಡುಕಿದೆ. ನಿಮ್ಮವರು ನೆಲದಿಂದ ಮೂರಡಿ ಮೇಲೆ ಯಂತ್ರ ಹಿಡಿದು ಅಳೆದಿದ್ದಾರೆ. ತೆಂಗಿನಕಾಯಿಯ ಮಾತೇ ಇಲ್ಲ; ಏಡಿಯ ವಿಚಾರವನ್ನು ‘ಮುಂದೆ ಪರಿಶೀಲಿಸಲಾಗುವುದು’. ಗಾಳಿ ಕುಡಿದು ಬದುಕುವ ಜನರೇ ಅವರು? ಅವರು ಅಲ್ಲಿ ಬಾಳುವುದರಿಂದ ವಿಜ್ಞಾನಕ್ಕೆ ಅಮೂಲ್ಯ ಮಾಹಿತಿ ದೊರೆಯುವುದೆಂದೂ ಬರೆದಿದ್ದೀರಿ. ಎಂಥ ಔದಾರ್ಯ!

ಅತ್ತೆಯ ತವರು ಶಿಕಾರಿಪುರದ ಕಡೆ. ಅವರು ಚಿಕ್ಕವರಿದ್ದಾಗ ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು. ಕೆಲವು ತಿಂಗಳ ಮೇಲೆ ಸಾಹೇಬರೊಬ್ಬರು ಬಂದು ಮನೆಮನೆಗೆ ಔಷಧಿ ಹೊಡೆಸಿದರು. ಕಣಜದ ಕೋಣೆ ಲಕ್ಷ್ಮಿಯ ಸ್ಥಳ, ಬೂಟುಗಾಲಲ್ಲಿ ಬರಕೂಡದೆಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತರಂತೆ. ಸಾಹೇಬರು ವಾದಿಸಲಿಲ್ಲ. ಹೊರಗೇ ನಿಂತು ‘ಮನೆ ಶುದ್ಧ’ ಎಂದು ಬರೆದುಕೊಟ್ಟರು. ಎಲ್ಲರೂ ಮರಳಿದರು. ಹೊಸದಾಗಿ ಮದುವೆಯಾಗಿ ತವರಿಗೆ ಬಂದಿದ್ದ ಅತ್ತೆಯ ಅಕ್ಕ ಲೋಕಮ್ಮ ಜೋಳ ತೆಗೆಯಲು ಕಣಜಕ್ಕೆ ಕೈ ಹಾಕಿದಳು. ಒಳಗೆ ಇಲಿಗಳು ಸತ್ತುಬಿದ್ದಿದ್ದವು. ನಾಲ್ಕನೆಯ ದಿನ ಕಂಕುಳಲ್ಲಿ ಗಡ್ಡೆ ಎದ್ದಿತು, ಆರನೆಯ ದಿನ ಅವಳಿರಲಿಲ್ಲ.

“ನಮ್ಮಜ್ಜಿಗೆ ತಿಳೀಲಿಲ್ಲ, ಬಿಡು,” ಎಂದರು ಅತ್ತೆ. “ಅಂವ ಓದಿದಾಂವ. ಬೂಟು ಬಿಚ್ಚಿ ಒಳಗ ಬಂದಿದ್ರ ಆಗ್ತಿತ್ತಲ್ಲ.”

ನಾನು ಪತ್ರಿಕೆ ಮಡಚಿಟ್ಟೆ.

ಮಾನ್ಯರೇ, ನಿಮ್ಮನ್ನು ಅಲ್ಲಿ ಯಾವ ಅಜ್ಜಿಯೂ ತಡೆಯಲಿಲ್ಲ. ಮರ ಹತ್ತಿ ಒಂದು ಕಾಯಿ ಕೀಳಲು ನಿಮಗೇನು ಅಡ್ಡಿಯಿತ್ತು? ಆ ಹಡಗನ್ನು ನಿಲ್ಲಿಸಿ. ಕಾಯಿ, ಏಡಿ, ಬಾವಿಯ ನೀರು, ಎಲ್ಲವನ್ನೂ ಅಳೆದು, ಬಂದ ಅಂಕಿಗಳನ್ನು ಆ ಜನರ ಭಾಷೆಯಲ್ಲೇ ಅವರಿಗೆ ಓದಿ ಹೇಳಿ. ಹೋಗುವುದೋ ಬಿಡುವುದೋ ಆ ಮದುಮಗಳೇ ತೀರ್ಮಾನಿಸಲಿ.

ಇಂತಿ,
ನಿಮ್ಮ ವರದಿಯನ್ನು ಓದಿ ಮೊದಲು ಚಪ್ಪಾಳೆ ತಟ್ಟಿದವಳು,
ನೀಲಾಂಬಿಕ
ಉಳವಿ, ಸೊರಬ ತಾಲ್ಲೂಕು
೧೯೫೭